ಅಕ್ಷರಕ್ಕೂ ಆಟಕ್ಕೂ ಒಂದೇ ಪರದೆ

ಪಿಯುಸಿ ಫಲಿತಾಂಶ ಬಂದು, ಸಿಇಟಿ ರ್‍ಯಾಂಕಿನ ಆತಂಕ ಕಳೆದು, ಕಾಲೇಜಿನಲ್ಲಿ ಸೀಟು ಖಚಿತವಾದ ಮೇಲೆ ಅನೇಕ ಮನೆಗಳಲ್ಲಿ ಒಂದು ಹೊಸ ವಾದ ಶುರುವಾಗುತ್ತದೆ. ಕಂಪ್ಯೂಟರ್ ಕೊಳ್ಳಬೇಕು ಎನ್ನುವುದರಲ್ಲಿ ಯಾರಿಗೂ ತಕರಾರಿಲ್ಲ. ತಕರಾರು ಏಳುವುದು ಮಾನಿಟರಿನ ಹತ್ತಿರ. ಮಗನೋ ಮಗಳೋ '144 ಹರ್ಟ್ಜ್‌ನದೇ ಬೇಕು, 1 ಮಿಲಿಸೆಕೆಂಡಿನದೇ ಬೇಕು' ಎಂದು ಪಟ್ಟು ಹಿಡಿಯುತ್ತಾರೆ. ಅಪ್ಪನಿಗೆ ಆ ಸಂಖ್ಯೆಗಳ ಅರ್ಥ ತಿಳಿಯದಿದ್ದರೂ ಡಬ್ಬದ ಮೇಲೆ ದಪ್ಪಕ್ಷರದಲ್ಲಿರುವ 'ಗೇಮಿಂಗ್' ಎಂಬ ಶಬ್ದದ ಅರ್ಥ ಚೆನ್ನಾಗಿಯೇ ತಿಳಿಯುತ್ತದೆ. 'ಓದೋದಕ್ಕೆ ಇದೆಲ್ಲ ಯಾಕೋ? ಹಾಲಿನಲ್ಲಿರೋ ಟಿವಿಗೇ ಜೋಡಿಸಿಕೊ' ಎಂದುಬಿಡುತ್ತಾರೆ. ಮಾತು ಅಲ್ಲಿಗೆ ನಿಲ್ಲುತ್ತದೆ. ಮುನಿಸು ನಿಲ್ಲುವುದಿಲ್ಲ.

ಇಬ್ಬರ ಮಾತೂ ಅರ್ಧ ಸರಿ, ಅರ್ಧ ತಪ್ಪು. ಆದ್ದರಿಂದ ಈ ವಾರ ಮಾನಿಟರಿನ ವಿಚಾರವನ್ನೇ ಸ್ವಲ್ಪ ವಿವರವಾಗಿ ನೋಡೋಣ. ಕಂಪ್ಯೂಟರಿನ ಭಾಗಗಳಲ್ಲೆಲ್ಲ ಹೆಚ್ಚು ಕಾಲ ಬಾಳುವುದು ಇದೇ. ಒಳಗಿನ ಪ್ರೊಸೆಸರು, ಮೆಮೊರಿಗಳು ನಾಲ್ಕೈದು ವರ್ಷಕ್ಕೆ ಹಳತಾದರೂ ಒಳ್ಳೆಯ ಪರದೆ ಇನ್ನೊಂದು ಕಂಪ್ಯೂಟರಿಗೂ ಹೊಂದಿಕೊಂಡು ದುಡಿಯುತ್ತದೆ. ಅಂದರೆ ಇವತ್ತು ಕೊಂಡದ್ದನ್ನು ಮಗ ಮೊದಲ ಕೆಲಸಕ್ಕೆ ಸೇರಿದ ಮೇಲೂ ದಿಟ್ಟಿಸುತ್ತಿರುತ್ತಾನೆ. ದುಡ್ಡಿನ ಜೊತೆಗೆ ಕಣ್ಣೂ ಕುತ್ತಿಗೆಯೂ ಇದರಲ್ಲಿ ಸೇರಿವೆ.

ಮೊದಲು ಟಿವಿಯ ಮಾತು ಮುಗಿಸಿಬಿಡೋಣ. ನಮ್ಮಲ್ಲಿ ಬಹಳ ಮನೆಗಳಲ್ಲಿರುವುದು 32 ಇಂಚಿನ, 'ಎಚ್‌ಡಿ ರೆಡಿ' ಎಂದು ಬರೆದಿರುವ ಟಿವಿ. ಅದರಲ್ಲಿ ಅಡ್ಡಕ್ಕೆ 1366, ಉದ್ದಕ್ಕೆ 768 ಚುಕ್ಕೆಗಳು. ಈ ಚುಕ್ಕೆಗಳನ್ನೇ ಪಿಕ್ಸೆಲ್ ಎನ್ನುವುದು. ಪರದೆಯ ಮೇಲಿನ ಚಿತ್ರವಿರಲಿ, ಅಕ್ಷರವಿರಲಿ, ಎಲ್ಲವೂ ಇವುಗಳಿಂದಲೇ ಆಗಬೇಕು, ಬಾಗಿಲ ಮುಂದಿನ ಚುಕ್ಕಿ ರಂಗೋಲಿಯ ಹಾಗೆ. ಲೆಕ್ಕ ಹಾಕಿದರೆ ಈ ಟಿವಿಯಲ್ಲಿ ಒಂದು ಇಂಚಿಗೆ 49 ಚುಕ್ಕೆಗಳಷ್ಟೇ ಸಿಗುತ್ತವೆ. ಒಂದೊಂದು ಚುಕ್ಕೆ ಅರ್ಧ ಮಿಲಿಮೀಟರಿಗಿಂತ ತುಸು ದಪ್ಪ. ಹತ್ತಡಿ ದೂರದ ಸೋಫಾದಲ್ಲಿ ಕುಳಿತು ಕ್ರಿಕೆಟ್ ನೋಡಲು ಇದು ಧಾರಾಳ ಸಾಕು. ಮೇಜಿನ ಮೇಲಿಟ್ಟು ಎರಡಡಿ ದೂರದಿಂದ ಓದಲು ಹೋದರೆ ಪ್ರತಿ ಅಕ್ಷರದ ಅಂಚೂ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಕೆಲವು ಟಿವಿಗಳು ಬಣ್ಣದ ವಿವರವನ್ನು ಕತ್ತರಿಸಿ ತೋರಿಸುವುದರಿಂದ ಕೆಂಪು ಅಕ್ಷರಗಳು ಇನ್ನಷ್ಟು ಕಲಸಿಹೋಗುತ್ತವೆ. ಒಂದು ದಿನ ಸಿನಿಮಾ ನೋಡಲು ಜೋಡಿಸಿಕೊಳ್ಳಿ, ಬೇಡ ಎನ್ನುವುದಿಲ್ಲ. ನಾಲ್ಕು ವರ್ಷದ ಓದಿಗೆ ಅದು ಒದಗುವುದಿಲ್ಲ.

ಹಾಗಾದರೆ ಎಷ್ಟು ಚುಕ್ಕೆ ಬೇಕು? ದೃಷ್ಟಿ ಸರಿಯಿರುವ ಕಣ್ಣು ಒಂದು ಡಿಗ್ರಿಯ ಅರವತ್ತನೆಯ ಒಂದು ಭಾಗದಷ್ಟು ಸಣ್ಣ ಕೋನವನ್ನು ಗುರುತಿಸಬಲ್ಲದು ಎಂಬುದು ಕಣ್ಣಿನ ವೈದ್ಯರು ಬಳಸುವ ಅಳತೆ. ಪರದೆ 60 ಸೆಂಟಿಮೀಟರ್ ದೂರದಲ್ಲಿದೆ ಅನ್ನಿ. ಆಗ ಈ ಕೋನ ಸುಮಾರು 0.17 ಮಿಲಿಮೀಟರಿಗೆ ಸಮ. ಚುಕ್ಕೆ ಅದಕ್ಕಿಂತ ಸಣ್ಣದಾದರೆ ನಮಗೆ ಚುಕ್ಕೆ ಕಾಣುವುದೇ ಇಲ್ಲ, ಅಚ್ಚಾದ ಪುಸ್ತಕದಂತೆ ಅಕ್ಷರ ಮಾತ್ರ ಕಾಣುತ್ತದೆ. ಈಗ ಅಂಗಡಿಯಲ್ಲಿ ಸಿಗುವ ಪರದೆಗಳನ್ನು ಈ ಅಳತೆಗೆ ಹಿಡಿದು ನೋಡಿ. 24 ಇಂಚಿನ ಪರದೆಯಲ್ಲಿ 'ಫುಲ್ ಎಚ್‌ಡಿ', ಅಂದರೆ 1920ಕ್ಕೆ 1080 ಚುಕ್ಕೆಗಳಿದ್ದರೆ ಚುಕ್ಕೆಯ ಅಗಲ 0.28 ಮಿಲಿಮೀಟರ್. ಅಷ್ಟೇ ಚುಕ್ಕೆಗಳನ್ನು 27 ಇಂಚಿಗೆ ಎಳೆದರೆ 0.31. 27 ಇಂಚಿನಲ್ಲಿ 2560ಕ್ಕೆ 1440 ಚುಕ್ಕೆಗಳಿದ್ದರೆ (ಇದನ್ನು ಅಂಗಡಿಯವರು ಕ್ಯುಎಚ್‌ಡಿ ಅಥವಾ 2ಕೆ ಎನ್ನುತ್ತಾರೆ) 0.23. ಅದೇ 27 ಇಂಚಿನಲ್ಲಿ 4ಕೆ, ಅಂದರೆ 3840ಕ್ಕೆ 2160 ಆದರೆ 0.16. ಕೊನೆಯದೊಂದೇ ಕಣ್ಣಿನ ಎಲ್ಲೆಯನ್ನು ದಾಟುತ್ತದೆ ಎಂಬುದು ನಿಜ. ಆದರೆ 24ರ ಫುಲ್ ಎಚ್‌ಡಿಯೂ 27ರ ಕ್ಯುಎಚ್‌ಡಿಯೂ ದಿನಬಳಕೆಗೆ ಮೋಸವಿಲ್ಲ.

ಮೋಸವಿರುವುದು 27 ಇಂಚಿನ ಫುಲ್ ಎಚ್‌ಡಿಯಲ್ಲಿ. ಅಂಗಡಿಯಲ್ಲಿ ದೊಡ್ಡದಾಗಿ ಕಾಣುತ್ತದೆ, ಬೆಲೆಯೂ ಸ್ವಲ್ಪವೇ ಹೆಚ್ಚು, 'ಸಾರ್, ಇನ್ನೊಂದಿಷ್ಟು ಹಾಕಿದರೆ ಮೂರು ಇಂಚು ಜಾಸ್ತಿ ಬರತ್ತೆ' ಎಂದು ಅಂಗಡಿಯ ಹುಡುಗ ಹೇಳುತ್ತಾನೆ. ಬರುವುದು ಮೂರು ಇಂಚು ಮಾತ್ರ. ಒಂದು ಚುಕ್ಕೆಯೂ ಹೆಚ್ಚಿಗೆ ಬರುವುದಿಲ್ಲ. ಇದ್ದ ಹಿಟ್ಟಿನಲ್ಲೇ ದೋಸೆಯನ್ನು ಅಗಲಿಸಿ ಹುಯ್ದಂತೆ.

ಕನ್ನಡ ಓದುವವರಿಗೆ, ಬರೆಯುವವರಿಗೆ ಈ ಮಾತು ಇಂಗ್ಲಿಷಿನವರಿಗಿಂತ ಹೆಚ್ಚು ತಾಗುತ್ತದೆ. ವಿಂಡೋಸ್‌ನಲ್ಲಿ 12 ಪಾಯಿಂಟ್ ಅಳತೆಯ ಅಕ್ಷರಕ್ಕೆ, ಪರದೆಯನ್ನು ಹಿಗ್ಗಿಸದೆ ಇದ್ದರೆ, ಮೇಲಿನಿಂದ ಕೆಳಕ್ಕೆ 16 ಚುಕ್ಕೆಗಳ ಜಾಗ. ಇಂಗ್ಲಿಷಿನ ಅಕ್ಷರ ಆ ಜಾಗದಲ್ಲಿ ಆರಾಮವಾಗಿ ಕಾಲು ಚಾಚಿಕೊಳ್ಳುತ್ತದೆ. ನಮ್ಮ 'ರಾಷ್ಟ್ರ'ದ ಗತಿ ನೋಡಿ. ಮೇಲೆ ತಲೆಕಟ್ಟು, ನಡುವೆ ಷಕಾರ, ಅದರ ಕೆಳಗೆ ಟಕಾರದ ಒತ್ತು, ಪಕ್ಕದಲ್ಲಿ ರಕಾರದ ಒತ್ತು. ಎಲ್ಲ ಅಷ್ಟೇ ಜಾಗದಲ್ಲಿ ಆಗಬೇಕು. ಒತ್ತಕ್ಷರದ ಪಾಲಿಗೆ ಐದಾರು ಚುಕ್ಕೆ ಬಂದರೆ ಪುಣ್ಯ. ಮಹಾಪ್ರಾಣದ ಸೀಳು ಇನ್ನೂ ಸಣ್ಣದು, ಒಂದೋ ಎರಡೋ ಚುಕ್ಕೆ. ಒರಟು ಪರದೆಯಲ್ಲಿ ಅದು ಮುಚ್ಚಿಹೋಯಿತೆಂದರೆ 'ಧನ' ಹೋಗಿ 'ದನ' ಆಗುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದು ಈಗ ಕನ್ನಡದ ಟಿಪ್ಪಣಿಗಳನ್ನು ಪರದೆಯ ಮೇಲೆ ಓದುವವರು, ಕೆಎಎಸ್ ಪರೀಕ್ಷೆಗೆ ಪಿಡಿಎಫ್ ಪುಸ್ತಕಗಳನ್ನು ಗಂಟೆಗಟ್ಟಲೆ ದಿಟ್ಟಿಸುವವರು ಇಂಚಿನ ಆಸೆಗೆ ಬೀಳದೆ ಚುಕ್ಕೆಯ ಸಾಂದ್ರತೆಯನ್ನೇ ಕೇಳಬೇಕು. ಇಂಚಿಗೆ 90ಕ್ಕಿಂತ ಕಡಿಮೆಯಿದ್ದರೆ ಬೇಡ ಎನ್ನುವುದು ನನ್ನ ಲೆಕ್ಕ. 24ರ ಫುಲ್ ಎಚ್‌ಡಿಯಲ್ಲಿ 92 ಇದೆ, 27ರ ಕ್ಯುಎಚ್‌ಡಿಯಲ್ಲಿ 109 ಇದೆ. 27ರ ಫುಲ್ ಎಚ್‌ಡಿಯಲ್ಲಿ 82 ಮಾತ್ರ.

ಇನ್ನು ಮಕ್ಕಳ ಕಡೆಯ ವಾದ. ಈ ಹರ್ಟ್ಜ್ ಎಂದರೇನು?

ನೋಟುಪುಸ್ತಕದ ಅಂಚಿನಲ್ಲಿ ಪುಟಕ್ಕೊಂದರಂತೆ ಓಡುವ ಮನುಷ್ಯನ ಚಿತ್ರ ಬರೆದು, ಹೆಬ್ಬೆರಳಿನಿಂದ ಸರ್ರನೆ ಪುಟ ಬಿಟ್ಟರೆ ಮನುಷ್ಯ ಓಡುತ್ತಾನೆ. ಪಾಠದ ಹೊತ್ತಿನಲ್ಲಿ ಇದನ್ನು ಮಾಡಿ ಬೈಸಿಕೊಳ್ಳದವರು ಕಡಿಮೆ. ಮಾನಿಟರ್ ಮಾಡುವುದೂ ಇದನ್ನೇ. 60 ಹರ್ಟ್ಜ್ ಎಂದರೆ ಸೆಕೆಂಡಿಗೆ 60 ಪುಟ, 144 ಎಂದರೆ 144 ಪುಟ. ಪುಟಗಳು ಹೆಚ್ಚಾದಷ್ಟೂ ಓಟ ನಯವಾಗುತ್ತದೆ, ಮತ್ತು ಎದುರಾಳಿ ಗೋಡೆಯ ಮರೆಯಿಂದ ಇಣುಕಿದ್ದು ಒಂದಿಷ್ಟು ಮೊದಲೇ ಕಣ್ಣಿಗೆ ಬೀಳುತ್ತದೆ. 60ರಲ್ಲಿ ಪುಟದಿಂದ ಪುಟಕ್ಕೆ 16.7 ಮಿಲಿಸೆಕೆಂಡ್. 144ರಲ್ಲಿ 6.9. ಉಳಿತಾಯ ಹೆಚ್ಚುಕಡಿಮೆ 10 ಮಿಲಿಸೆಕೆಂಡ್. ಇದು ಕಣ್ಣಿಗೆ ಕಾಣುವ ವ್ಯತ್ಯಾಸ, ಮಕ್ಕಳು ಸುಳ್ಳು ಹೇಳುತ್ತಿಲ್ಲ. ಆದರೆ 144ರಿಂದ 240ಕ್ಕೆ ಏರಿದರೆ? 6.9 ಹೋಗಿ 4.2 ಆಗುತ್ತದೆ. ಉಳಿದದ್ದು ಮೂರು ಮಿಲಿಸೆಕೆಂಡೂ ಇಲ್ಲ. ಮೊದಲ ಹೆಜ್ಜೆಗೆ ಕೊಟ್ಟ ದುಡ್ಡಿಗೆ ಸಿಕ್ಕಷ್ಟು ಲಾಭ ಎರಡನೆಯ ಹೆಜ್ಜೆಗೆ ಸಿಗುವುದಿಲ್ಲ. ಪಂದ್ಯಗಳಿಗೆ ಹೋಗಿ ಆಡುವವರ ಮಾತು ಬೇರೆ. ಮನೆಯಲ್ಲಿ ಸಂಜೆ ಒಂದು ಗಂಟೆ ಆಡುವ ಹುಡುಗನಿಗೆ 240 ಎನ್ನುವುದು ಬರೀ ಜಂಬ.

ಆಟವೂ ಎಲ್ಲ ಒಂದೇ ಅಲ್ಲ. ವ್ಯಾಲರಂಟ್, ಕೌಂಟರ್ ಸ್ಟ್ರೈಕ್‌ಗಳಂತಹ ಗುರಿಯಿಡುವ ಆಟಗಳಿಗೆ ವೇಗ ಬೇಕು. ಕಾರಿನ ಓಟ, ಫುಟ್‌ಬಾಲ್‌ಗಳಿಗೆ ಇದ್ದರೆ ಚೆಂದ. ಚೆಸ್ ಆಡುವವರಿಗೆ, ಮೈನ್‌ಕ್ರಾಫ್ಟ್‌ನಲ್ಲಿ ಮನೆ ಕಟ್ಟುವವರಿಗೆ 60 ಇದ್ದರೂ ಏನೂ ನಷ್ಟವಿಲ್ಲ. ಯಾವ ಆಟ ಎಂದು ತಂದೆತಾಯಿಗಳು ಒಮ್ಮೆ ಕೇಳಿ ನೋಡಬೇಕು. ಗದರಿಸುವ ದನಿಯಲ್ಲಿ ಅಲ್ಲ, ತಿಳಿದುಕೊಳ್ಳುವ ದನಿಯಲ್ಲಿ.

ಅಪ್ಪಂದಿರಿಗೂ ಒಂದು ಮಾತು. ಹೆಚ್ಚು ಹರ್ಟ್ಜ್ ಇದ್ದರೆ ಓದು ಕೆಡುತ್ತದೆ ಎಂಬುದೇನಿಲ್ಲ. ಉದ್ದನೆಯ ಪುಟವನ್ನು ಮೌಸಿನ ಚಕ್ರದಿಂದ ಮೇಲೆ ಕೆಳಗೆ ಜಾರಿಸುವಾಗ 60ರಲ್ಲಿ ಸಾಲುಗಳು ಮಸುಕಾಗಿ ಓಡುತ್ತವೆ, 100ರ ಮೇಲಾದರೆ ಜಾರುತ್ತಿರುವಾಗಲೇ ಓದಲು ಬರುತ್ತದೆ. ಈಚಿನ ವರ್ಷಗಳಲ್ಲಿ ಕಚೇರಿಗೆಂದೇ ಮಾಡಿದ ಸಾಧಾರಣ ಮಾನಿಟರುಗಳೂ 100 ಹರ್ಟ್ಜ್ ಹೊತ್ತು ಬರುತ್ತಿವೆ. 'ಗೇಮಿಂಗ್' ಎಂದು ಬರೆದಿರುವುದಕ್ಕೂ ಬರೆಯದೇ ಇರುವುದಕ್ಕೂ ನಡುವಿನ ಗೋಡೆ ತೆಳ್ಳಗಾಗಿದೆ.

ನಿಜವಾದ ಪ್ರಶ್ನೆ ಇನ್ನೊಂದಿದೆ. ಡಬ್ಬದ ಮೇಲೆ ಬರೆದಷ್ಟು ಪುಟಗಳನ್ನು ನಿಮ್ಮ ಕಂಪ್ಯೂಟರ್ ಬರೆದು ಕೊಡಬಲ್ಲುದೆ? ಮಾನಿಟರ್ ತೋರಿಸುವ ಯಂತ್ರ ಮಾತ್ರ. ಚಿತ್ರ ಬಿಡಿಸುವುದು ಒಳಗಿನ ಗ್ರಾಫಿಕ್ಸ್ ಚಿಪ್. ಫುಲ್ ಎಚ್‌ಡಿಯಲ್ಲಿ 60 ಹರ್ಟ್ಜ್ ತೋರಿಸಲು ಸೆಕೆಂಡಿಗೆ 12 ಕೋಟಿ 44 ಲಕ್ಷ ಚುಕ್ಕೆಗಳಿಗೆ ಬಣ್ಣ ಹಚ್ಚಬೇಕು. ಕ್ಯುಎಚ್‌ಡಿಯಲ್ಲಿ 144 ಹರ್ಟ್ಜ್ ಆದರೆ 53 ಕೋಟಿ. 4ಕೆಯಲ್ಲಿ 144 ಎಂದರೆ 119 ಕೋಟಿಗೂ ಹೆಚ್ಚು. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಸಾಧಾರಣ ಕಂಪ್ಯೂಟರಿನಲ್ಲಿ ವಿಂಡೋಸ್ ಪರದೆ, ಪುಟಗಳು, ಪಾಠದ ವೀಡಿಯೊಗಳೇನೋ ಸಲೀಸಾಗಿ ಬರುತ್ತವೆ. ವ್ಯಾಲರಂಟ್‌ನಂತಹ ಹಗುರ ಆಟಗಳೂ ನಡೆಯುತ್ತವೆ. ಭಾರದ ಆಟ ಹಾಕಿದರೆ ಸೆಕೆಂಡಿಗೆ ಮೂವತ್ತು ಪುಟವೂ ಕಷ್ಟ. ಅಂಥ ಕಂಪ್ಯೂಟರಿಗೆ 4ಕೆಯ ವೇಗದ ಪರದೆ ಜೋಡಿಸಿದರೆ ಎರಡೆತ್ತಿನ ಗಾಡಿಗೆ ಲಾರಿಯ ಸರಕು ಹೇರಿದಂತೆ. ಆಟಕ್ಕೆ ದುಡ್ಡು ಮೀಸಲಿಟ್ಟಿದ್ದರೆ ಮೊದಲು ಗ್ರಾಫಿಕ್ಸ್ ಕಾರ್ಡಿಗೆ ಹಾಕಿ, ಅದರ ಶಕ್ತಿಗೆ ತಕ್ಕ ಪರದೆ ಆಮೇಲೆ.

ಪುಟ ಬರೆಯುವವನ ವೇಗ ಒಮ್ಮೆ 90, ಒಮ್ಮೆ 50 ಎಂದು ಏರಿಳಿಯುವುದು ಸಹಜ. ತೋರಿಸುವವನು ಮಾತ್ರ ಒಂದೇ ತಾಳದಲ್ಲಿದ್ದರೆ ಅರ್ಧ ಹಳೆಯ ಚಿತ್ರ, ಅರ್ಧ ಹೊಸ ಚಿತ್ರ ಒಟ್ಟಿಗೆ ಬಂದು ಪರದೆ ನಡುವೆ ಹರಿದಂತೆ ಕಾಣುತ್ತದೆ. ಇದಕ್ಕೆ ಕಂಡುಕೊಂಡ ಮದ್ದು, ಪರದೆಯೇ ಕಂಪ್ಯೂಟರಿನ ತಾಳಕ್ಕೆ ಹೆಜ್ಜೆ ಹಾಕುವುದು. 2013ರಲ್ಲಿ ಎನ್ವಿಡಿಯಾ ಕಂಪನಿ ಇದನ್ನು ಜಿ-ಸಿಂಕ್ ಎಂದು ಪ್ರಕಟಿಸಿತು. ಎಎಂಡಿಯ ಫ್ರೀಸಿಂಕ್ ಇರುವ ಮಾನಿಟರುಗಳು 2015ರಲ್ಲಿ ಬಂದವು. 2019ರಿಂದ ಎನ್ವಿಡಿಯಾ ಕಾರ್ಡುಗಳೂ ಸಾಮಾನ್ಯ ಅಡಾಪ್ಟಿವ್ ಸಿಂಕ್ ಮಾನಿಟರುಗಳ ಜೊತೆ ಹೊಂದಿಕೊಳ್ಳತೊಡಗಿದವು. ಹಾಗಾಗಿ ಸಾಧಾರಣ ಕಾರ್ಡ್ ಇರುವವರು 240ರ ಹಿಂದೆ ಓಡದೆ ಈ ಸೌಲಭ್ಯವಿದೆಯೇ ಎಂದು ಕೇಳಿದರೆ ಜಾಣತನ.

ಲ್ಯಾಪ್‌ಟಾಪ್‌ಗೆ ಜೋಡಿಸುವವರು ಕೇಬಲ್ ಕಿಂಡಿಯನ್ನೂ ನೋಡಿಕೊಳ್ಳಬೇಕು. ಹಳೆಯ ಲ್ಯಾಪ್‌ಟಾಪ್‌ಗಳ ಎಚ್‌ಡಿಎಂಐ 1.4 ಕಿಂಡಿಯಿಂದ 4ಕೆ ಚಿತ್ರ 30 ಹರ್ಟ್ಜ್‌ನಲ್ಲಿ ಮಾತ್ರ ಬರುತ್ತದೆ. ಆಗ ಮೌಸಿನ ಬಾಣವೇ ಕುಂಟುತ್ತದೆ. ಎಚ್‌ಡಿಎಂಐ 2.0 ಆದರೆ 60. ಟೈಪ್-ಸಿ ಕಿಂಡಿ ಇದ್ದ ಮಾತ್ರಕ್ಕೆ ಅದರಲ್ಲಿ ಚಿತ್ರ ಹೊರಬರುತ್ತದೆ ಎಂದೂ ಅಲ್ಲ, ಕೆಲವು ಬರೀ ಪೆನ್‌ಡ್ರೈವ್‌ಗೆ, ಚಾರ್ಜಿಗೆ ಮಾತ್ರ. ಲ್ಯಾಪ್‌ಟಾಪ್‌ನ ವಿವರಪಟ್ಟಿಯಲ್ಲಿ 'ಡಿಸ್‌ಪ್ಲೇ ಪೋರ್ಟ್' ಎಂಬ ಮಾತು ಟೈಪ್-ಸಿಯ ಎದುರು ಇದೆಯೇ ನೋಡಿ. ಇದ್ದು, ಮಾನಿಟರಿನಲ್ಲೂ ಚಾರ್ಜ್ ಕೊಡುವ ಟೈಪ್-ಸಿ ಇದ್ದರೆ ಒಂದೇ ಕೇಬಲ್ಲಿನಲ್ಲಿ ಚಿತ್ರವೂ ವಿದ್ಯುತ್ತೂ ಓಡಾಡುತ್ತವೆ. ಮೇಜು ಅಚ್ಚುಕಟ್ಟಾಗಿರುತ್ತದೆ.

ಇನ್ನು ಡಬ್ಬದ ಮೇಲಿನ '1 ಮಿಲಿಸೆಕೆಂಡ್'. ಇದು ಪುಟ ತಿರುಗುವ ಕಾಲವಲ್ಲ, ಒಂದು ಚುಕ್ಕೆ ಒಂದು ಬೂದುಬಣ್ಣದಿಂದ ಇನ್ನೊಂದಕ್ಕೆ ಹೊರಳಲು ಬೇಕಾದ ಕಾಲ. ಚುಕ್ಕೆ ಸಾವಕಾಶವಾಗಿ ಹೊರಳಿದರೆ ಓಡುವ ವಸ್ತುವಿನ ಹಿಂದೆ ನೆರಳಿನ ಬಾಲ ಬರುತ್ತದೆ. ಆದರೆ ಆ '1' ಬಂದದ್ದು ಚುಕ್ಕೆಗಳನ್ನು ಮಿತಿಮೀರಿ ತಳ್ಳುವ ಸೆಟ್ಟಿಂಗ್ ಹಾಕಿ ಅಳೆದಾಗ. ಮನೆಯಲ್ಲಿ ಅದೇ ಸೆಟ್ಟಿಂಗ್ ಹಾಕಿದರೆ ಕಪ್ಪು ಬಾಲ ಹೋಗಿ ಬಿಳಿ ಬಾಲ ಬರುತ್ತದೆ. ಕೆಲವರು ಇನ್ನೊಂದು ಬಗೆಯ ಅಳತೆ ಹಿಡಿದು, ಹಿಂದಿನ ದೀಪವನ್ನು ಮಿಣುಕಿಸಿ 1 ಎಂದು ಬರೆಯುವುದೂ ಉಂಟು. ಈ ಸಂಖ್ಯೆಯನ್ನು ನಂಬಿ ದುಡ್ಡು ಕೊಡಬೇಡಿ. ಅದಕ್ಕಿಂತ ಪರದೆ ಯಾವ ಜಾತಿಯದು ಎಂದು ಕೇಳಿ.

ಜಾತಿ ಮುಖ್ಯವಾಗಿ ಮೂರು. ಟಿಎನ್ ಎನ್ನುವುದು ಹಳೆಯದು, ಚುರುಕು, ಅಗ್ಗ. ಪಕ್ಕದಿಂದ ನೋಡಿದರೆ ಬಣ್ಣ ಕೆಡುತ್ತದೆ. ಈಗ ಅದನ್ನು ಕೊಳ್ಳಲು ಕಾರಣವಿಲ್ಲ. ವಿಎ ಎನ್ನುವುದರಲ್ಲಿ ಕಪ್ಪು ಬಲು ಕಪ್ಪು, ಬಿಳಿಯೂ ಕಪ್ಪೂ ಹೆಚ್ಚುಕಡಿಮೆ 3000ಕ್ಕೆ 1ರ ಅಂತರದಲ್ಲಿರುತ್ತವೆ. ರಾತ್ರಿ ದೀಪ ಆರಿಸಿ ಸಿನಿಮಾ ನೋಡಲು ಹಬ್ಬ. ಆದರೆ ಅಗ್ಗದ ವಿಎಗಳಲ್ಲಿ ಕತ್ತಲ ದೃಶ್ಯ ಓಡಿದಾಗ ಮಸಿ ಬಳಿದಂತಾಗುತ್ತದೆ. ಐಪಿಎಸ್‌ನಲ್ಲಿ ಆ ಅಂತರ 1000ದ ಆಸುಪಾಸು, ಕಪ್ಪು ಸ್ವಲ್ಪ ಬೂದು. ಬಣ್ಣ ಮಾತ್ರ ಯಾವ ಕಡೆಯಿಂದ ನೋಡಿದರೂ ನಿಲ್ಲುತ್ತದೆ, ಅಕ್ಷರ ಸ್ವಚ್ಛ, ವೇಗವೂ ಈಗ ಸಾಕಷ್ಟು. ಓದೂ ಆಟವೂ ಎರಡೂ ಬೇಕೆನ್ನುವ ವಿದ್ಯಾರ್ಥಿಗೆ ನಾನು ಹೇಳುವುದು ಐಪಿಎಸ್.

ಈ ಪರದೆಗಳ ಒಳಗಿರುವುದು ದ್ರವಸ್ಫಟಿಕ, ಇತ್ತ ಪೂರ್ತಿ ನೀರೂ ಅಲ್ಲ, ಅತ್ತ ಪೂರ್ತಿ ಹರಳೂ ಅಲ್ಲ. ಇದರ ಚರಿತ್ರೆಯಲ್ಲಿ ನಮ್ಮ ನಾಡಿನ ಪಾಲೂ ಇದೆ ಎಂಬುದನ್ನು ಮಕ್ಕಳು ತಿಳಿದಿರಲಿ. ಮೈಸೂರು ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಸ್. ಚಂದ್ರಶೇಖರ್ ಅವರು (ನೊಬೆಲ್ ಪಡೆದ ಚಂದ್ರಶೇಖರ್ ಅಲ್ಲ, ಇವರು ಬೇರೆ) 1971ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಬಂದು ದ್ರವಸ್ಫಟಿಕಗಳ ಪ್ರಯೋಗಾಲಯ ಕಟ್ಟಿದರು. ಅಲ್ಲಿಯವರೆಗೆ ಕಡ್ಡಿಯಾಕಾರದ ಅಣುಗಳೇ ಹೀಗೆ ನಡೆದುಕೊಳ್ಳುತ್ತವೆ ಎಂಬ ನಂಬಿಕೆಯಿತ್ತು. ಬಿಲ್ಲೆಯಾಕಾರದ ಅಣುಗಳೂ ದ್ರವಸ್ಫಟಿಕವಾಗಬಲ್ಲವು ಎಂದು ಅವರೂ ಅವರ ಸಂಗಡಿಗರೂ 1977ರಲ್ಲಿ ತೋರಿಸಿದರು. ಮುಂದೆ ಅಂಥ ಬಿಲ್ಲೆ ಅಣುಗಳ ತೆಳುಪೊರೆಯನ್ನೇ ಟಿಎನ್ ಪರದೆಗಳಿಗೆ ಅಂಟಿಸಿ, ಪಕ್ಕದಿಂದಲೂ ಚಿತ್ರ ಚೆನ್ನಾಗಿ ಕಾಣುವಂತೆ ಮಾಡಿದರು.

ಒಎಲ್‌ಇಡಿ ಎಂಬ ನಾಲ್ಕನೆಯದೂ ಇದೆ. ಆಟದ ಪರದೆಗಳಲ್ಲಿ ಅದೇ ರಾಜ. ಆದರೆ ದಿನವಿಡೀ ಒಂದೇ ಜಾಗದಲ್ಲಿ ನಿಲ್ಲುವ ಪಟ್ಟಿ, ಗುಂಡಿಗಳ ಗುರುತು ವರ್ಷಗಳಲ್ಲಿ ಅದರ ಮೇಲೆ ಅಚ್ಚೊತ್ತುವ ಭಯವಿದೆ, ಕೆಲವು ಮಾದರಿಗಳಲ್ಲಿ ಅಕ್ಷರದ ಅಂಚಿಗೆ ಬಣ್ಣದ ಎಳೆ ಕಾಣುತ್ತದೆ. ಅಕ್ಷರದ ಮುಂದೆ ಹೆಚ್ಚು ಹೊತ್ತು ಕಳೆಯುವವರು ಸದ್ಯಕ್ಕೆ ದೂರವಿರುವುದು ಮೇಲು. ಬಾಗಿದ ಪರದೆ 24, 27 ಇಂಚುಗಳಲ್ಲಿ ಶೋಕಿಗಷ್ಟೆ. 'ಎಚ್‌ಡಿಆರ್ 400' ಎಂಬ ಮುದ್ರೆಯೂ ಅಷ್ಟರಲ್ಲೇ ಇದೆ.

ತಾಯಂದಿರು ಕೇಳುವುದು ಕಣ್ಣಿನ ವಿಚಾರ. ಪರದೆಯ ನೀಲಿ ಬೆಳಕು ಕಣ್ಣನ್ನು ಹಾಳುಮಾಡುತ್ತದೆ ಎಂಬುದಕ್ಕೆ ಆಧಾರವಿಲ್ಲ ಎಂದು ಅಮೆರಿಕದ ನೇತ್ರತಜ್ಞರ ಅಕಾಡೆಮಿ ಹೇಳಿದೆ. ಆದ್ದರಿಂದ ನೀಲಿ ಬೆಳಕು ತಡೆಯುವ ಕನ್ನಡಕಕ್ಕೆಂದು ಬೇರೆ ದುಡ್ಡು ಸುರಿಯಬೇಡಿ. ಕಣ್ಣು ಉರಿಯುವುದು ಬೇರೆ ಕಾರಣಕ್ಕೆ. ಪರದೆ ನೋಡುವಾಗ ನಾವು ಕಣ್ಣು ಮಿಟುಕಿಸುವುದು ಕಡಿಮೆ, ಕಣ್ಣು ಒಣಗುತ್ತದೆ. 20 ನಿಮಿಷಕ್ಕೊಮ್ಮೆ 20 ಅಡಿ ದೂರದ ತೆಂಗಿನ ಮರವನ್ನೋ ಎದುರುಮನೆಯ ತಾರಸಿಯನ್ನೋ 20 ಸೆಕೆಂಡ್ ನೋಡಿ ಎನ್ನುತ್ತಾರೆ ವೈದ್ಯರು. ಪರದೆಯ ಬೆಳಕು ಪಕ್ಕದಲ್ಲಿಟ್ಟ ಬಿಳಿ ಹಾಳೆಯಷ್ಟಿದ್ದರೆ ಸಾಕು. ಅಂಗಡಿಯಿಂದ ಬಂದಾಗ ಅದು ವಿಪರೀತ ಏರಿಸಿಟ್ಟಿರುತ್ತದೆ. ಕಿಟಕಿ ಪರದೆಯ ಹಿಂದೆಯೂ ಬೇಡ, ಎದುರೂ ಬೇಡ, ಪಕ್ಕಕ್ಕಿರಲಿ.

ಕುತ್ತಿಗೆಯ ವಿಚಾರ ಇದಕ್ಕಿಂತ ದೊಡ್ಡದು, ಕೇಳುವವರು ಮಾತ್ರ ಕಡಿಮೆ. ಪರದೆಯ ಮೇಲಂಚು ಕುಳಿತವರ ಕಣ್ಣಿನ ಮಟ್ಟಕ್ಕೆ ಅಥವಾ ಸ್ವಲ್ಪ ಕೆಳಗಿರಬೇಕು. ಅಗ್ಗದ ಮಾನಿಟರುಗಳ ಸ್ಟ್ಯಾಂಡು ಮುಂದಕ್ಕೆ ಹಿಂದಕ್ಕೆ ವಾಲುತ್ತದೆಯೇ ಹೊರತು ಏರುವುದಿಲ್ಲ, ಇಳಿಯುವುದಿಲ್ಲ. ಎತ್ತರದ ಮಗ ಕುತ್ತಿಗೆ ಬಗ್ಗಿಸುತ್ತಾನೆ. 144 ಮತ್ತು 180ರ ನಡುವೆ ಆರಿಸುವ ಪ್ರಸಂಗ ಬಂದರೆ 144 ತೆಗೆದುಕೊಂಡು, ಉಳಿದ ದುಡ್ಡನ್ನು ಏರಿಳಿಯುವ ಸ್ಟ್ಯಾಂಡಿಗೆ ಹಾಕಿ. ಅದೂ ಆಗದಿದ್ದರೆ ಹಳೆಯ ದಪ್ಪ ಪುಸ್ತಕ ಎರಡು ಕೆಳಗಿಟ್ಟರಾಯಿತು. ಹಿಂಬದಿಯಲ್ಲಿ 100 ಮಿಲಿಮೀಟರ್ ಚೌಕದ ನಾಲ್ಕು ತೂತುಗಳಿವೆಯೇ ನೋಡಿಟ್ಟುಕೊಳ್ಳಿ. ಮುಂದೆಂದಾದರೂ ಗೋಡೆಗೋ ಮೇಜಿನ ತೋಳಿಗೋ ಹಾಕಲು ಬರುತ್ತದೆ.

ಬೆಲೆಗಳನ್ನು ನಾನಿಲ್ಲಿ ಬರೆಯುತ್ತಿಲ್ಲ, ಅವು ಟೊಮೆಟೊ ದರದಂತೆ ಏರಿಳಿಯುತ್ತವೆ. ಆದರೆ ಯಾರಿಗೆ ಯಾವುದು ಎಂದು ಹೇಳಬಹುದು. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಕಂಪ್ಯೂಟರು ಅಥವಾ ಸಾಧಾರಣ ಲ್ಯಾಪ್‌ಟಾಪ್ ಇದ್ದರೆ 24 ಇಂಚು, ಫುಲ್ ಎಚ್‌ಡಿ, ಐಪಿಎಸ್, 100 ಹರ್ಟ್ಜ್. ಇಷ್ಟೇ. ಬಿ.ಕಾಂ. ಇರಲಿ, ಎಂಜಿನಿಯರಿಂಗಿನ ಮೊದಲ ವರ್ಷಗಳಿರಲಿ, ಯಾವುದಕ್ಕೂ ಕೊರತೆಯಾಗದು. ನಡುಮಟ್ಟದ ಕಾರ್ಡ್ ಇದ್ದು, ಕೈಯಲ್ಲಿ ಇನ್ನಷ್ಟು ದುಡ್ಡಿದ್ದರೆ 27 ಇಂಚು, ಕ್ಯುಎಚ್‌ಡಿ, ಐಪಿಎಸ್, 144ರಿಂದ 180 ಹರ್ಟ್ಜ್. ಅಕ್ಷರಕ್ಕೂ ಆಟಕ್ಕೂ ಒಂದೇ ಪರದೆ ಎಂದರೆ ಇವತ್ತಿನ ಮಟ್ಟಿಗೆ ಇದೇ. ಒಂದು ಪಕ್ಕದಲ್ಲಿ ಪಾಠ, ಇನ್ನೊಂದು ಪಕ್ಕದಲ್ಲಿ ಬರೆಯುವ ಹಾಳೆ, ಎರಡನ್ನೂ ಇಕ್ಕಟ್ಟಿಲ್ಲದೆ ತೆರೆದಿಡಬಹುದು. ಚಿತ್ರಕಲೆ, ವಾಸ್ತುಶಿಲ್ಪ, ವೀಡಿಯೊ ಸಂಕಲನ ಓದುವವರಿಗೆ 27ರ 4ಕೆ, 60 ಹರ್ಟ್ಜ್‌ನದಾದರೂ ಸರಿ.

ಕೈ ಬಿಗಿಯಿರುವವರಿಗೆ ಇನ್ನೊಂದು ದಾರಿ ಇದೆ. ದೊಡ್ಡ ಕಚೇರಿಗಳು ನಾಲ್ಕೈದು ವರ್ಷಕ್ಕೊಮ್ಮೆ ಮಾನಿಟರುಗಳನ್ನು ಸಗಟಾಗಿ ಮಾರಿಬಿಡುತ್ತವೆ. ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಕಡೆ ಅವು ಸಿಗುತ್ತವೆ. ಅವುಗಳಲ್ಲಿ 24 ಇಂಚಿನ, 1920ಕ್ಕೆ 1200 ಚುಕ್ಕೆಯ ಐಪಿಎಸ್ ಸಿಕ್ಕರೆ ಬಿಡಬೇಡಿ. ಉದ್ದಕ್ಕೆ 120 ಚುಕ್ಕೆ ಹೆಚ್ಚು, ಅಂದರೆ ಪುಟಕ್ಕೆ ನಾಲ್ಕೈದು ಸಾಲು ಹೆಚ್ಚು, ಸ್ಟ್ಯಾಂಡೂ ಸಾಮಾನ್ಯವಾಗಿ ಏರಿಳಿಯುವಂಥದ್ದು. 60 ಹರ್ಟ್ಜ್ ಮಾತ್ರ. ಅಂಗಡಿಯಲ್ಲೇ ಅರ್ಧ ಗಂಟೆ ಹಚ್ಚಿಟ್ಟು, ಮೂಲೆಗಳು ಹಳದಿಯಾಗಿವೆಯೇ, ಬೆಳಕು ಸಮನಾಗಿದೆಯೇ ನೋಡಿ ತರಬೇಕು.

ಹೊಸದನ್ನು ಕೊಳ್ಳಲು ಹೋಗುವಾಗಲೂ ಒಂದು ಪೆನ್‌ಡ್ರೈವ್‌ನಲ್ಲಿ ನೀವು ಓದುವ ಕನ್ನಡದ ಪಿಡಿಎಫ್ ಒಂದನ್ನು ಹಾಕಿಕೊಂಡು ಹೋಗಿ. ಅಂಗಡಿಯವರು ತೋರಿಸುವುದು ಬಣ್ಣಬಣ್ಣದ ಮೀನು, ಹೂವುಗಳನ್ನು. ಅವು ಯಾವ ಪರದೆಯಲ್ಲೂ ಚೆಂದ. ನಿಮ್ಮ ಪುಟ ತೆರೆಸಿ, ತೋಳಿನಳತೆಯ ದೂರದಲ್ಲಿ ನಿಂತು ಒತ್ತಕ್ಷರಗಳನ್ನು ಓದಿ. ಪುಟವನ್ನು ಸರಸರನೆ ಜಾರಿಸಿ. ಪಕ್ಕಕ್ಕೆ ಸರಿದು ನೋಡಿ. ಆಮೇಲೆ ಪೂರ್ತಿ ಬಿಳಿ, ಪೂರ್ತಿ ಕಪ್ಪು ಚಿತ್ರ ಹಾಕಿಸಿ, ಸತ್ತ ಚುಕ್ಕೆಗಳಿವೆಯೇ ಹುಡುಕಿ. ಒಂದೆರಡು ಸತ್ತ ಚುಕ್ಕೆಗೆ ಬದಲಿ ಕೊಡುವುದಿಲ್ಲ ಎಂಬ ನಿಯಮ ಕೆಲವು ಕಂಪನಿಗಳಲ್ಲಿದೆ. ಬಿಲ್ಲು ಮಾಡಿಸುವ ಮೊದಲೇ ಕೇಳಿ. ವಾರಂಟಿ ಎಷ್ಟು ವರ್ಷ ಎಂಬುದರ ಜೊತೆಗೆ ಸರ್ವಿಸ್ ಸೆಂಟರ್ ನಿಮ್ಮ ಊರಿನಲ್ಲಿದೆಯೇ ಎಂದೂ ಕೇಳಬೇಕು. ಕೊಪ್ಪಳದವರು ಕೆಟ್ಟ ಮಾನಿಟರನ್ನು ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೊತ್ತೊಯ್ಯುವಂತಾದರೆ ಕಷ್ಟ. ಅಂಚೆಯಲ್ಲೋ ಕೊರಿಯರ್‌ನಲ್ಲೋ ತರಿಸಿದರೆ ಡಬ್ಬ ಬಿಚ್ಚುವುದನ್ನು ಮೊಬೈಲಿನಲ್ಲಿ ವೀಡಿಯೊ ಮಾಡಿಟ್ಟುಕೊಳ್ಳಿ.

ಮನೆಗೆ ತಂದ ಮೇಲೆ ಎರಡು ಕೆಲಸ ಮರೆಯಬಾರದು. ಗ್ರಾಫಿಕ್ಸ್ ಕಾರ್ಡ್ ಇರುವ ಕಂಪ್ಯೂಟರಿನಲ್ಲಿ ಕೇಬಲ್ಲನ್ನು ಆ ಕಾರ್ಡಿನ ಕಿಂಡಿಗೇ ಸಿಕ್ಕಿಸಬೇಕು. ಮೇಲುಗಡೆ ಮದರ್‌ಬೋರ್ಡಿನ ಕಿಂಡಿಗೆ ಸಿಕ್ಕಿಸಿದರೆ ಸಾವಿರಾರು ರೂಪಾಯಿಯ ಕಾರ್ಡ್ ಸುಮ್ಮನೆ ಕುಳಿತಿರುತ್ತದೆ. ಎರಡನೆಯದು, ವಿಂಡೋಸ್ ಎಷ್ಟೋ ಸಲ ಹೊಸ ಮಾನಿಟರನ್ನು 60ರಲ್ಲೇ ಇಟ್ಟುಬಿಡುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಡಿಸ್‌ಪ್ಲೇ, ಅದರೊಳಗೆ ಅಡ್ವಾನ್ಸ್‌ಡ್ ಡಿಸ್‌ಪ್ಲೇ ತೆರೆದು ರಿಫ್ರೆಶ್ ರೇಟ್ ಎಂಬಲ್ಲಿ 100 ಅಥವಾ 144 ಆರಿಸಿ. ಹಟ ಮಾಡಿ ವೇಗದ ಪರದೆ ಕೊಡಿಸಿಕೊಂಡು, ಇದನ್ನು ಮಾಡದೆ ವರ್ಷಗಟ್ಟಲೆ 60ರಲ್ಲೇ ಆಡುತ್ತಿರುವವರೂ ಇದ್ದಾರೆ. 24 ಇಂಚಿನದು ಎಳೆಯುವುದು 20 ವ್ಯಾಟಿನ ಆಜುಬಾಜು, ಹಾಗಾಗಿ ಕರೆಂಟ್ ಹೋದಾಗ ಯುಪಿಎಸ್‌ಗೆ ಅದೇನೂ ಭಾರವಲ್ಲ. ಡಬ್ಬವನ್ನು ಮಾತ್ರ ಥರ್ಮೊಕೋಲ್ ಸಮೇತ ವಾರಂಟಿ ಮುಗಿಯುವ ತನಕ ಅಟ್ಟದ ಮೇಲಿಟ್ಟಿರಿ.